ಒಂದು ಜ್ವರ, ಮೂವರು ಡಾಕ್ಟರು: ವಡಾಲದ ದವಾಖಾನೆಯೊಂದರ ಪಾಲುದಾರಿಕೆ

ಮುಂಬಯಿಯಲ್ಲಿ ಒಂದೇ ಬೋರ್ಡಿನ ಕೆಳಗೆ ಇಬ್ಬರು ಮೂವರು ಫ್ಯಾಮಿಲಿ ಡಾಕ್ಟರು ಕೂರುವುದು ಹೊಸ ಸಂಗತಿಯಲ್ಲ. ಬಾಡಿಗೆ ದುಬಾರಿ, ಜಾಗ ಚಿಕ್ಕದು, ಒಬ್ಬರೇ ಬೆಳಿಗ್ಗೆಯಿಂದ ರಾತ್ರಿ ಹತ್ತೂವರೆವರೆಗೆ ಕೂರುವುದು ಆಗದ ಮಾತು. ಹೀಗಾಗಿ ಜೊತೆಯಾಗುತ್ತಾರೆ. ಆದರೆ ನಿಮ್ಮ ನಡುವಿನ ಒಪ್ಪಂದ ಏನು ಎಂದು ಕೇಳಿ ನೋಡಿ. "ಹಾಗೇನೂ ಬರೆದುಕೊಂಡಿಲ್ಲ, ನಮ್ಮನಮ್ಮಲ್ಲೇ ಹೊಂದಾಣಿಕೆ" ಎಂಬ ಉತ್ತರವೇ ಹೆಚ್ಚು. ಆ ಹೊಂದಾಣಿಕೆ ಯಾವುದರ ಮೇಲೆ ನಿಂತಿದೆ, ಎಲ್ಲಿ ಬಿರುಕು ಬಿಡುತ್ತದೆ ಎಂದು ಹತ್ತಿರದಿಂದ ನೋಡುವ ಅವಕಾಶ ನನಗೆ ವಡಾಲದ ಒಂದು ದವಾಖಾನೆಯಲ್ಲಿ ಸಿಕ್ಕಿತು. ನಾನೂ ಈ ಊರಿನ ಇನ್ನೊಂದು ಮೂಲೆಯಲ್ಲಿ ಫ್ಯಾಮಿಲಿ ಡಾಕ್ಟರು. ಅಲ್ಲಿನ ಮೂವರಿಗೂ ಪರಿಚಿತ. ಮನಸ್ತಾಪ ಬೆಳೆದಾಗ ನಡುವೆ ಕೂತು ಮಾತಾಡಿಸಲು ಕರೆದರು. ಕೇಸ್ ಪೇಪರುಗಳನ್ನೂ ಲೆಕ್ಕದ ರಿಜಿಸ್ಟರನ್ನೂ ನೋಡಲು ಬಿಟ್ಟರು, ಬರೆಯಲೂ ಒಪ್ಪಿದರು. ರೋಗಿಯ ಒಪ್ಪಿಗೆಯೂ ಇದೆ. ಯಾರ ಹೆಸರೂ ಇಲ್ಲಿಲ್ಲ. ರೋಗಿಗಳು ಕರೆಯುವಂತೆಯೇ ದೊಡ್ಡ ಡಾಕ್ಟ್ರು, ಮೇಡಂ, ಸಣ್ಣ ಡಾಕ್ಟ್ರು ಎಂದು ಬರೆಯುತ್ತೇನೆ.

ಜಾಗ, ಜನ

ಹಳೆಯ ಕಟ್ಟಡದ ನೆಲಮಹಡಿಯಲ್ಲಿ ಎರಡು ಕೋಣೆ. ಹೊರಗಿನದರಲ್ಲಿ ಬೆಂಚುಗಳು, ಕಾಂಪೌಂಡರ್ ಕೂರುವ ಕೌಂಟರು. ಒಳಗಿನದನ್ನು ಪ್ಲೈವುಡ್ ಹಾಕಿ ಎರಡು ಮಾಡಿದ್ದಾರೆ. ಈ ಕಡೆ ಬಿ.ಪಿ. ನೋಡುತ್ತಿದ್ದರೆ ಆ ಕಡೆಯ ಕೆಮ್ಮು ಕೇಳಿಸುತ್ತದೆ. ಬರುವವರು ಪೋರ್ಟ್ ಟ್ರಸ್ಟ್ ಕಾಲನಿಯವರು, ಅಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸಿನವರು, ಮಾಟುಂಗ ಕಡೆಯ ಹೋಟೆಲುಗಳಲ್ಲಿ ದುಡಿಯುವ ಉಡುಪಿ ಕುಂದಾಪುರದ ಹುಡುಗರು, ಕಟ್ಟಡದ ಕೆಲಸಕ್ಕೆ ಬಂದಿರುವ ಕಲಬುರಗಿ, ವಿಜಯಪುರದ ಕುಟುಂಬಗಳು. ವಡಾಲದ ಎನ್.ಕೆ.ಇ.ಎಸ್. ಶಾಲೆಯಲ್ಲಿ ಓದಿ ಈಗ ತಮ್ಮ ಮಕ್ಕಳ ಲಸಿಕೆಗೆ ಬರುವ ತಾಯಂದಿರೂ ಇದ್ದಾರೆ. ಬೆಂಚಿನ ಮೇಲೆ ಕೂತರೆ ಕನ್ನಡದ ನಾಲ್ಕು ಬಗೆ, ತುಳು, ಮರಾಠಿ, ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ.

ದೊಡ್ಡ ಡಾಕ್ಟ್ರು ಕುಂದಾಪುರ ತಾಲೂಕಿನವರು. ಹುಬ್ಬಳ್ಳಿಯ ಕೆ.ಎಂ.ಸಿ.ಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಬಂದವರು, ಎಂಬತ್ತರ ದಶಕದ ಆರಂಭದಲ್ಲಿ ಈ ಕೋಣೆಗಳನ್ನು ಪಗಡಿ (ಬಾಡಿಗೆ ಹಕ್ಕಿಗೆಂದು ಒಮ್ಮೆಗೇ ಕೊಡುವ ದೊಡ್ಡ ಮೊತ್ತ) ಕೊಟ್ಟು ಹಿಡಿದರು. ಈಗ ಎಪ್ಪತ್ತು ದಾಟಿದೆ. ಮೂರು ತಲೆಮಾರನ್ನು ನೋಡಿದ ಕೈ. ರೋಗಿ ಒಳಗೆ ಕಾಲಿಡುವಾಗಲೇ "ನಿನ್ ಅಪ್ಪಯ್ಯನ್ ಶುಗರ್ ಎಷ್ಟಿತ್ ಈಗ?" ಎಂದು ಕೇಳುವವರು. ಮೇಡಂ ಧಾರವಾಡದವರು, ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿ.ಎನ್.ಬಿ. ಎಂಬ ಸ್ನಾತಕೋತ್ತರ ಓದು ಮಾಡಿದವರು, ಮದುವೆಯಾಗಿ ಮುಂಬಯಿಗೆ ಬಂದವರು. ಬೆಳಗಿನ ಹೊತ್ತು ಅವರದು. ಸಣ್ಣ ಡಾಕ್ಟ್ರು ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಕನ್ನಡಿಗ. ಪಿ.ಜಿ. ಪರೀಕ್ಷೆಗೆ ಓದುತ್ತ ರಾತ್ರಿ ಎಂಟರಿಂದ ಹತ್ತೂವರೆವರೆಗೆ ಕೂರುತ್ತಿದ್ದರು. ನಾಲ್ಕನೆಯವರು ಕಾಂಪೌಂಡರ್. ದೊಡ್ಡ ಡಾಕ್ಟ್ರು ಬಾಗಿಲು ತೆರೆದ ವರ್ಷದಿಂದ ಇರುವವರು, ಈ ಕಥೆಯಲ್ಲಿ ಅವರ ಪಾಲು ದೊಡ್ಡದು.

ಹಣದ ಏರ್ಪಾಡು

ಮೇಡಂ ಬಂದಾಗ ದೊಡ್ಡ ಡಾಕ್ಟ್ರು ತಿಂಗಳಿಗೆ ಇಷ್ಟು ಎಂದು ಕೊಡುತ್ತಿದ್ದರು. ಕೆಲವು ವರ್ಷಗಳ ನಂತರ ಅದು ಬದಲಾಯಿತು: ಮೇಡಂ ನೋಡಿದ ರೋಗಿಗಳಿಂದ ಬಂದದ್ದರಲ್ಲಿ ನೂರಕ್ಕೆ 60 ಅವರಿಗೆ, 40 ದವಾಖಾನೆಗೆ. ಸಣ್ಣ ಡಾಕ್ಟ್ರಿಗೆ ಅರ್ಧರ್ಧ. ಯಾವುದೂ ಕಾಗದದ ಮೇಲಿರಲಿಲ್ಲ. ದೊಡ್ಡ ಡಾಕ್ಟ್ರಿಗೆ ಇದರಲ್ಲಿ ಮೋಸದ ಯೋಚನೆ ಒಂದಿಷ್ಟೂ ಇರಲಿಲ್ಲ. ದುಡಿದವರಿಗೆ ದುಡಿದಷ್ಟು ಎಂಬುದು ಅವರ ಪ್ರಾಮಾಣಿಕ ಲೆಕ್ಕ.

ಆದರೆ ಈ ಲೆಕ್ಕ ಇಡಲು ಕಾಂಪೌಂಡರಿಗೆ ಒಂದು ದಾರಿ ಬೇಕಿತ್ತು. ಅವರು ರಿಜಿಸ್ಟರಿನಲ್ಲಿ ಮೂರು ಕಲಂ ಎಳೆದು "ದೊ", "ಮೇ", "ಸ" ಎಂದು ಬರೆದುಕೊಂಡರು. ಯಾವ ರೋಗಿ ಯಾರದು ಎಂದು ತಿಂಗಳ ಕೊನೆಗೆ ಗೊಂದಲ ಆಗಬಾರದೆಂದು ಕೇಸ್ ಪೇಪರುಗಳನ್ನೂ ಕಬ್ಬಿಣದ ಕಪಾಟಿನ ಮೂರು ಡ್ರಾಯರಿಗೆ ಹಂಚಿದರು. ಮೇಲಿನ ಡ್ರಾಯರು ದೊಡ್ಡ ಡಾಕ್ಟ್ರದು, ನಡುವಿನದು ಮೇಡಂದು, ಕೆಳಗಿನದು ಸಣ್ಣ ಡಾಕ್ಟ್ರದು. ದೊಡ್ಡ ಡಾಕ್ಟ್ರ ಹಳೆಯ ರೋಗಿ ಬೆಳಿಗ್ಗೆ ಬಂದು ಮೇಡಂಗೆ ತೋರಿಸಿದರೆ ಹೊಸ ಪೇಪರು ಮಾಡಿ ನಡುವಿನ ಡ್ರಾಯರಿಗೆ ಹಾಕುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು. ಒಬ್ಬರೇ ಹೆಂಗಸಿನ ಎರಡು ಪೇಪರು ನಾನು ಕೈಯಲ್ಲಿ ಹಿಡಿದು ನೋಡಿದೆ. ಮೇಲಿನ ಡ್ರಾಯರಿನದರಲ್ಲಿ ಪೆನ್ಸಿಲಿನ್ ಅಲರ್ಜಿ ಎಂದು ಕೆಂಪು ಶಾಯಿಯಲ್ಲಿ ಬರೆದು ಎರಡು ಗೆರೆ ಎಳೆದಿತ್ತು, ನಡುವಿನದರಲ್ಲಿ ಅದರ ಸುಳಿವೇ ಇರಲಿಲ್ಲ. ಆಕೆಗೆ ಏನೂ ಆಗಿರಲಿಲ್ಲ. ಆದರೂ ನನಗೆ ಮೈ ಬೆವರಿತು.

ಈ ಪ್ರಕರಣದಲ್ಲಿ ನಾನು ಒತ್ತಿ ಹೇಳಬೇಕಾದದ್ದು ಇಲ್ಲೇ ಇದೆ. ಹಣ ಹಂಚುವ ಬಗೆ ಹಣದಲ್ಲೇ ನಿಲ್ಲುವುದಿಲ್ಲ. ರಿಜಿಸ್ಟರಿನ ಮೂರು ಕಲಂ ಕಪಾಟಿನ ಮೂರು ಡ್ರಾಯರಾಯಿತು, ಡ್ರಾಯರು ರೋಗಿಯ ಬಗೆಗಿನ ತಿಳಿವಳಿಕೆಯನ್ನೇ ಮೂರು ಪಾಲು ಮಾಡಿತು. ಮೂವರಲ್ಲಿ ಯಾರೂ ಇದನ್ನು ಬಯಸಿರಲಿಲ್ಲ.

ಮೇಡಂ ಪಾಲಿಗೆ ಇನ್ನೊಂದು ಅನ್ಯಾಯವೂ ಇತ್ತು. ಮುಂಬಯಿಯಲ್ಲಿ ದವಾಖಾನೆಯ ಗಳಿಕೆ ಇರುವುದು ಸಂಜೆ. ಏಳರ ನಂತರ ಲೋಕಲ್ ಟ್ರೇನಿನಿಂದ ಇಳಿದವರು ನೇರ ಬರುತ್ತಾರೆ, ಒಬ್ಬೊಬ್ಬರಿಗೆ ನಾಲ್ಕೈದು ನಿಮಿಷ ಸಾಕು. ಬೆಳಿಗ್ಗೆ ಬರುವವರು ವಯಸ್ಸಾದವರು, ಬಸುರಿಯರು, ಮಕ್ಕಳನ್ನು ಎತ್ತಿಕೊಂಡವರು, ಮನೆಯಲ್ಲಿ ಹೇಳಲಾಗದ್ದನ್ನು ಡಾಕ್ಟರ ಮುಂದೆ ಹೇಳಲು ಬರುವ ಹೆಂಗಸರು. ಒಬ್ಬರಿಗೆ ಇಪ್ಪತ್ತು ನಿಮಿಷವೂ ಹಿಡಿಯುತ್ತದೆ, ಫೀಸು ಅದೇ. ಮಗಳು ಶಾಲೆಗೆ ಹೋಗುವ ವಯಸ್ಸಿನವಳಾದ್ದರಿಂದ ಮೇಡಂ ಬೆಳಗಿನ ಹೊತ್ತನ್ನು ಆರಿಸಿಕೊಂಡಿದ್ದರು. ದವಾಖಾನೆಯ ಅತಿ ಕಷ್ಟದ ಕೆಲಸ ಅವರ ಪಾಲಿಗೆ ಬಂದು, ಅತಿ ಕಡಿಮೆ ಹಣವೂ ಅವರಿಗೇ ಬರುತ್ತಿತ್ತು. ಅವರು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಆ ಜ್ವರ

ಜುಲೈ ತಿಂಗಳು. ಕಿಂಗ್ಸ್ ಸರ್ಕಲ್, ಹಿಂದ್‌ಮಾತಾ ಕಡೆ ನೀರು ನಿಲ್ಲುವುದು ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಜ್ವರ ಬಂದ ಮೊದಲ ದಿನವೇ ಸಂಜೆ ದೊಡ್ಡ ಡಾಕ್ಟ್ರ ಬಳಿ ಬಂದ. ಅವರ ಊರಿನ ಪಕ್ಕದವನು. ಮಾತಿನ ನಡುವೆ, ಹಿಂದಿನ ವಾರ ಹೋಟೆಲಿನ ಗೋಡೌನಿಗೆ ನೀರು ನುಗ್ಗಿದ್ದನ್ನು ಹೇಳಿದ: "ಅಕ್ಕಿ ಮೂಟೆ ಎತ್ತಿಡುಕೆ ರಾತ್ರಿ ಇಡೀ ಮಂಡಿಯಷ್ಟ್ ನೀರಗೆ ನಿಂತಿದ್ದೆ ಡಾಕ್ಟ್ರೇ." ದೊಡ್ಡ ಡಾಕ್ಟ್ರಿಗೆ ಆಗಲೇ ಇಲಿಜ್ವರದ, ಅಂದರೆ ಲೆಪ್ಟೊಸ್ಪೈರೋಸಿಸ್‌ನ ಯೋಚನೆ ಬಂತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ನಂತರದ ವಾರಗಳಲ್ಲಿ ಈ ರೋಗದ ಎಷ್ಟೋ ಮಂದಿಯನ್ನು ನೋಡಿದವರು ಅವರು. ಆದರೆ ಮೊದಲ ದಿನದ ಜ್ವರ, ಬೇರೆ ಲಕ್ಷಣ ಇಲ್ಲ. ಪ್ಯಾರಾಸಿಟಮಾಲ್ ಕೊಟ್ಟು, "ಮೂರನೇ ದಿನಕ್ಕೂ ಇಳಿಯದಿದ್ರೆ ಬಾ, ಬೇರೆ ಮಾತ್ರೆ ಶುರು ಮಾಡುವ" ಎಂದು ಕಳಿಸಿದರು. ಕೇಸ್ ಪೇಪರಿನಲ್ಲಿ ಬರೆದದ್ದು ತಾರೀಕು, "ಜ್ವರ, 1 ದಿನ", ಮಾತ್ರೆಯ ಹೆಸರು. ಅಷ್ಟೇ. ಮರುದಿನ ಅವರು ನಾಗರ ಪಂಚಮಿಗೆಂದು ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದರು.

ಮೂರನೆಯ ದಿನ ಹುಡುಗ ಹೇಳಿದ ಹಾಗೆಯೇ ಬಂದ, ಆದರೆ ಬೆಳಿಗ್ಗೆ. ಮೇಡಂಗೆ ಹೊಸ ಪೇಪರು ಮಾಡಿ ಕೊಟ್ಟರು. ಅವರು ವಿಚಾರಿಸಿ, ರಕ್ತಪರೀಕ್ಷೆ ಬರೆದರು. ಸಂಜೆ ಬಂದ ವರದಿಯಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು. ಸುತ್ತಮುತ್ತ ಡೆಂಗಿ ಜೋರಾಗಿದ್ದ ದಿನಗಳವು. ಡೆಂಗಿ ಎಂದೇ ಹಿಡಿದು ನೀರು ಚೆನ್ನಾಗಿ ಕುಡಿಯಲು, ಎರಡು ದಿನ ಬಿಟ್ಟು ಮತ್ತೆ ರಕ್ತ ತೋರಿಸಲು ಹೇಳಿದರು. ಅವರ ಕೈಯಲ್ಲಿದ್ದ ಮಾಹಿತಿಯ ಮೇಲೆ ನೋಡಿದರೆ ಅದು ತಪ್ಪೆಂದು ನಾನು ಹೇಳಲಾರೆ. ಎರಡೂ ಜ್ವರಗಳಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ನೀರಿನಲ್ಲಿ ನಿಂತ ಸಂಗತಿ ಒಂದೇ ಅವರ ದಾರಿ ಬದಲಿಸಬಹುದಿತ್ತು. ಹುಡುಗ ಅದನ್ನು ದೊಡ್ಡ ಡಾಕ್ಟ್ರಿಗೆ ಹೇಳಿಯಾಗಿದೆಯಲ್ಲ ಎಂದು ಮತ್ತೆ ಹೇಳಲಿಲ್ಲ. ಅವನ ಲೆಕ್ಕದಲ್ಲಿ ಅವನು ಹೋದದ್ದು ಒಂದೇ ದವಾಖಾನೆಗೆ.

ಐದನೆಯ ದಿನ ರಾತ್ರಿ ಸಣ್ಣ ಡಾಕ್ಟ್ರ ಮುಂದೆ ಕೂತ. ಮತ್ತೊಂದು ಹೊಸ ಪೇಪರು. ಕಣ್ಣು ಕೆಂಪಗಾಗಿತ್ತು. ಮೀನಖಂಡ ಮುಟ್ಟಲು ಬಿಡುತ್ತಿರಲಿಲ್ಲ. ಸಣ್ಣ ಡಾಕ್ಟ್ರು ಮೈಕೈ ನೋವಿಗೆಂದು ಏನೋ ಬರೆಯುವಷ್ಟರಲ್ಲಿ ಕಾಂಪೌಂಡರ್ ಪರದೆ ಸರಿಸಿ ತಲೆ ಹಾಕಿದರು: "ಡಾಕ್ಟ್ರೇ, ಇವ್ರ ಗೋಡೌನಿಗೆ ನೀರು ನುಗ್ಗಿತ್ತಲ್ಲ ಆವತ್ತು. ದೊಡ್ಡವರ ಹತ್ರ ಹೇಳ್ತಿದ್ದದ್ದು ನಾನು ಕೇಳಿದ್ದೆ." ಪ್ಲೈವುಡ್ ಗೋಡೆಯ ಪುಣ್ಯ. ಸಣ್ಣ ಡಾಕ್ಟ್ರು ಆ ರಾತ್ರಿಯೇ ಟ್ಯಾಕ್ಸಿ ಮಾಡಿ ಅವನನ್ನು ಸಯನ್ ಆಸ್ಪತ್ರೆಗೆ ಕಳಿಸಿದರು. ಹೋಗುವಷ್ಟರಲ್ಲಿ ಮೂತ್ರ ಕಡಿಮೆಯಾಗಿತ್ತು, ಕ್ರಿಯೇಟಿನಿನ್ ಏರಿತ್ತು. ಕೆಲವು ಸಲ ಡಯಾಲಿಸಿಸ್ ಮಾಡಬೇಕಾಯಿತು. ಹುಡುಗ ಬದುಕಿದ, ಮೂತ್ರಪಿಂಡವೂ ಸರಿಹೋಯಿತು. ಊರಿಗೆ ಹೋಗಿ ಸುಧಾರಿಸಿಕೊಂಡು ಮತ್ತೆ ಕೆಲಸಕ್ಕೆ ಬಂದಿದ್ದಾನೆ.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ನೆರೆನೀರಿನಲ್ಲಿ ನಡೆದವರು, ನಿಂತವರು 72 ಗಂಟೆಯೊಳಗೆ ಡಾಕ್ಟರಿಗೆ ತೋರಿಸಿ ಇಲಿಜ್ವರ ತಡೆಯುವ ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳಬೇಕು ಎಂದು ಮುಂಬಯಿ ಮಹಾನಗರಪಾಲಿಕೆ ಮಳೆಗಾಲದಲ್ಲಿ ಸಾರಿ ಹೇಳುತ್ತದೆ. ಹೋಟೆಲಿನ ಹುಡುಗರಿಗೆ ಅದು ತಲುಪುವುದಿಲ್ಲ. ಜ್ವರ ಬರುವ ಮುಂಚೆ ಡಾಕ್ಟರ ಬಳಿ ಹೋಗಲು ಅವರಿಗೆ ರಜೆಯೂ ಇರುವುದಿಲ್ಲ. ಮಾಲೀಕರು ತಾವೇ ಹುಡುಗರನ್ನು ಕರೆತರಬೇಕೆಂದು ನಾನು ಕನ್ನಡ ಸಂಘದ ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇನೆ.

ಜಗಳ ಏನಾಗಿತ್ತು

ದೊಡ್ಡ ಡಾಕ್ಟ್ರು ಊರಿನಿಂದ ಬಂದವರೇ ವಿಷಯ ಕೇಳಿ ಸಿಟ್ಟಾದರು. "ನಂಗೆ ಒಂದು ಫೋನ್ ಮಾಡ್ಲಿಕ್ಕೆ ಆಗ್ತಿರ್ಲಿಲ್ವ?" ಎಂದರು. ಮೇಡಂ ಅಂದು ಮೊದಲ ಸಲ ದನಿ ಎತ್ತಿದರು: "ನೀವು ಒಂದ್ ಸಾಲು ಬರದಿಟ್ಟಿದ್ರ ನನಗ ಗೊತ್ತಾಗ್ತಿತ್ತು ಸರ್. ಅವ ನಿಮ್ ಪೇಶಂಟ್ ಅಂತನೂ ನನಗ ಗೊತ್ತಿರಲಿಲ್ಲ." ಸಣ್ಣ ಡಾಕ್ಟ್ರು ನಡುವೆ, ಇದು ಕೇಸ್ ಆದರೆ ನನ್ನ ಹೆಸರೂ ಬರುತ್ತದೆಯೇ ಎಂದು ಕೇಳಿದರು. ಆ ಪ್ರಶ್ನೆ ಕೇಳಿದ್ದಕ್ಕೆ ದೊಡ್ಡ ಡಾಕ್ಟ್ರಿಗೆ ಇನ್ನಷ್ಟು ನೋವಾಯಿತು. ಆದರೆ ಅದು ಕೇಳಲೇಬೇಕಾದ ಪ್ರಶ್ನೆಯಾಗಿತ್ತು.

ಅದಕ್ಕೆ ಉತ್ತರ ಬೇಕಾದರೆ ಇವರ ಸಂಬಂಧ ಏನೆಂದು ಮೊದಲು ತಿಳಿಯಬೇಕು. ಒಬ್ಬೊಬ್ಬರನ್ನೇ ಕೂರಿಸಿ ಕೇಳಿದೆ. ಮೇಡಂ ತಾವು ಪಾಲುದಾರರೆಂದು ನಂಬಿದ್ದರು. ದೊಡ್ಡ ಡಾಕ್ಟ್ರು ಅವರನ್ನು "ನನ್ನ ಜೊತೆ ಇರುವವರು" ಎಂದರು, ಅದಕ್ಕಿಂತ ಮುಂದಕ್ಕೆ ಯೋಚಿಸಿರಲಿಲ್ಲ. ಸಣ್ಣ ಡಾಕ್ಟ್ರು ತಾವು ಲೋಕಮ್, ಅಂದರೆ ತಾತ್ಕಾಲಿಕವಾಗಿ ಕೂರುವ ಬದಲಿ ಡಾಕ್ಟರು ಎಂದುಕೊಂಡಿದ್ದರು.

ಕಾನೂನಿಗೆ ಕಾಗದವೇ ಬೇಕೆಂದಿಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಎಲ್ಲರೂ ಅಥವಾ ಎಲ್ಲರ ಪರವಾಗಿ ಒಬ್ಬರು ನಡೆಸುವ ವ್ಯವಹಾರದ ಲಾಭ ಹಂಚಿಕೊಳ್ಳಲು ಒಪ್ಪಿದವರ ನಡುವಿನ ಸಂಬಂಧವೇ ಪಾಲುದಾರಿಕೆ. ವೃತ್ತಿಯೂ ಆ ವ್ಯವಹಾರದೊಳಗೆ ಬರುತ್ತದೆ. ಬಾಯಿಮಾತೂ ಸಾಕು. ಲಾಭದಲ್ಲಿ ಪಾಲು ಸಿಕ್ಕಿದ ಮಾತ್ರಕ್ಕೆ ಪಾಲುದಾರರಾಗುವುದಿಲ್ಲ, ಸಂಬಳದ ಬದಲಿಗೆ ಪಾಲು ಕೊಡುವುದೂ ಇದೆ ಎಂದು 6ನೇ ಕಲಂ ಹೇಳುತ್ತದೆ. ನಿಜವಾದ ಸಂಬಂಧ ಏನು ಎಂದು ಎಲ್ಲ ಸಂಗತಿ ನೋಡಿ ತೀರ್ಮಾನಿಸಬೇಕು. ಪಾಲುದಾರರು ಎಂದಾದರೆ, ಬೇರೆ ಒಪ್ಪಂದ ಇಲ್ಲದಲ್ಲಿ ಲಾಭ ಸಮಪಾಲು. ಹೊಣೆಯೂ ಒಟ್ಟಿಗೆ: 25ನೇ ಕಲಂನಂತೆ ಸಂಸ್ಥೆ ಮಾಡಿದ ಕೆಲಸಕ್ಕೆ ಪ್ರತಿಯೊಬ್ಬ ಪಾಲುದಾರ ಉಳಿದವರ ಜೊತೆಗೂ ಬಿಡಿಯಾಗಿಯೂ ಬಾಧ್ಯ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ಅಡಿಯಲ್ಲಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹುಡುಗನ ಮನೆಯವರು ದೂರು ಕೊಟ್ಟಿದ್ದರೆ ಮೂವರೂ ಉತ್ತರ ಹೇಳುತ್ತ ಓಡಾಡಬೇಕಾಗುತ್ತಿತ್ತು. ಅವರು ಕೊಡಲಿಲ್ಲ. ಮೂವರ ಬಳಿಯೂ ತಮ್ಮ ತಮ್ಮ ವೃತ್ತಿ ವಿಮೆ ಇತ್ತು, ದವಾಖಾನೆಯ ಹೆಸರಿನಲ್ಲಿ ಯಾವುದೂ ಇರಲಿಲ್ಲ.

ವೃತ್ತಿ ನಿಯಮದಲ್ಲೂ ಇದಕ್ಕೆ ಹತ್ತಿರದ ಮಾತಿದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡವಳಿಕೆ ನಿಯಮಾವಳಿ, ಗೈರುಹಾಜರಾಗುವ ಡಾಕ್ಟರ ಬದಲಿಗೆ ಕೂರುವವರು ಆ ಹೊಣೆ ಹೊರುವ ಶಕ್ತಿ ಇದ್ದರೆ ಮಾತ್ರ ಒಪ್ಪಬೇಕು, ಅವರು ಮರಳಿದ ಮೇಲೆ ರೋಗಿಗಳನ್ನು ಅವರಿಗೇ ಒಪ್ಪಿಸಬೇಕು ಎನ್ನುತ್ತದೆ. ಆದರೆ ಹೋಗುವವರು ಏನು ಹೇಳಿ ಹೋಗಬೇಕು ಎಂಬುದು ಅಲ್ಲಿಲ್ಲ. 3 ವರ್ಷ ದಾಖಲೆ ಇಡಬೇಕೆಂಬ ನಿಯಮವೂ ಒಳರೋಗಿಗಳಿಗೆ ಸಂಬಂಧಿಸಿದ್ದು. ದೇಶದ ಜ್ವರ ಕೆಮ್ಮುಗಳಲ್ಲಿ ಬಹುಪಾಲನ್ನು ನೋಡುವ ಫ್ಯಾಮಿಲಿ ಡಾಕ್ಟರ ಕೇಸ್ ಪೇಪರು ಹೇಗಿರಬೇಕು ಎಂದು ಅಷ್ಟು ನಿಖರವಾಗಿ ಹೇಳುವವರಿಲ್ಲ. ಇದು ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ.

ಪೇಪರುಗಳು ಹೇಳಿದ್ದು

ಮೂರೂ ಡ್ರಾಯರುಗಳ ಪೇಪರುಗಳನ್ನು ಓದುತ್ತ ಕೂತೆ. ದೊಡ್ಡ ಡಾಕ್ಟ್ರ ಪೇಪರುಗಳಲ್ಲಿ ಔಷಧದ ಹೆಸರಿರುತ್ತಿತ್ತು, ಕಾರಣ ಇರುತ್ತಿರಲಿಲ್ಲ. ಕಾರಣವೆಲ್ಲ ಅವರ ತಲೆಯಲ್ಲಿತ್ತು, ಮತ್ತು ಅದು ಬೆರಗಾಗುವಂಥ ನೆನಪು. ಯಾವ ಪೇಪರು ತೆಗೆದು ಕೇಳಿದರೂ ಆ ಮನೆಯ ಕಥೆ ಹೇಳುತ್ತಿದ್ದರು. ಒಂಟಿಯಾಗಿ ಪ್ರಾಕ್ಟೀಸ್ ಮಾಡಿದ ಅಷ್ಟು ವರ್ಷ ಅದೇ ಅವರ ಬಲವಾಗಿತ್ತು. ಜೊತೆಗೊಬ್ಬರು ಬಂದ ದಿನದಿಂದ ಅದೇ ದವಾಖಾನೆಯ ದುರ್ಬಲ ಜಾಗವಾಯಿತು. ಮೇಡಂ ಪೇಪರುಗಳು ತುಂಬಿದ್ದವು, ಸಂಜೆಯ ಅವಸರದಲ್ಲಿ ಯಾರೂ ಓದಲಾರದಷ್ಟು. ಸಣ್ಣ ಡಾಕ್ಟ್ರು ಆಸ್ಪತ್ರೆಯ ಸಂಕ್ಷೇಪಾಕ್ಷರಗಳಲ್ಲಿ ಬರೆಯುತ್ತಿದ್ದರು, ಕಾಂಪೌಂಡರಿಗೆ ಅದು ಅರ್ಥವಾಗುತ್ತಿರಲಿಲ್ಲ.

ಒಬ್ಬರೇ ಡಾಕ್ಟರನ್ನು ಕಾಣುವುದು ರೋಗಿಗೆ ಒಳ್ಳೆಯದು ಎಂಬುದಕ್ಕೆ ಈಗ ಗಟ್ಟಿ ಆಧಾರವಿದೆ. 2018ರಲ್ಲಿ ಬ್ರಿಟನ್ನಿನ ಸಂಶೋಧಕರು 22 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ 18ರಲ್ಲಿ, ಅದೇ ಡಾಕ್ಟರ ಬಳಿ ಹೋಗುವವರಲ್ಲಿ ಸಾವು ಕಡಿಮೆ ಎಂದು ಕಂಡಿತು. 2021ರಲ್ಲಿ ನಾರ್ವೆಯ ಸುಮಾರು 45 ಲಕ್ಷ ಜನರ ದಾಖಲೆ ನೋಡಿದವರು, 15 ವರ್ಷಕ್ಕೂ ಹೆಚ್ಚು ಒಬ್ಬರೇ ಫ್ಯಾಮಿಲಿ ಡಾಕ್ಟರ ಬಳಿ ಇರುವವರಲ್ಲಿ ತುರ್ತು ಆಸ್ಪತ್ರೆ ಸೇರ್ಪಡೆಯೂ ಸಾವೂ 25ರಿಂದ 30 ಪ್ರತಿಶತ ಕಡಿಮೆ ಎಂದು ವರದಿ ಮಾಡಿದರು. ದೊಡ್ಡ ಡಾಕ್ಟ್ರು ಇದನ್ನು ಕೇಳಿ, "ನೋಡಿ, ನಾನು ಹೇಳೋದೂ ಅದೇ" ಎಂದರು. ಅವರ ಮಾತು ಸರಿ. ಆದರೆ ಹುಡುಗನ ಜ್ವರ ಐದು ದಿನ ಕಾಯಲಿಲ್ಲ. ಒಬ್ಬರೇ ಡಾಕ್ಟರು ಎಂಬುದು ಒಬ್ಬರು ಎಲ್ಲ ಹೊತ್ತೂ ಕೂತಿರುವ ತನಕ ಮಾತ್ರ. ಆಮೇಲೆ ಆ ಪರಿಚಯ ಪೇಪರಿನ ಮೂಲಕವೇ ಇನ್ನೊಬ್ಬರಿಗೆ ದಾಟಬೇಕು.

ಏನು ಮಾಡಿದರು

ಮೊದಲು ಕಪಾಟು. ಕಾಂಪೌಂಡರ್ ಒಂದು ಭಾನುವಾರ ಕೂತು ಮೂರು ಡ್ರಾಯರುಗಳನ್ನು ಒಂದು ಮಾಡಿದರು. ಮನೆಗೊಂದು ಫೋಲ್ಡರು, ಒಬ್ಬರಿಗೆ ಒಂದೇ ಪೇಪರು, ಅಲರ್ಜಿ ಮೇಲೆ ಕೆಂಪಿನಲ್ಲಿ. ಕಂಪ್ಯೂಟರ್ ತರೋಣ ಎಂದು ಸಣ್ಣ ಡಾಕ್ಟ್ರು ಹೇಳಿದರು. ದೊಡ್ಡ ಡಾಕ್ಟ್ರು ಬೆರಳಚ್ಚು ಮಾಡಲಾರರು, ಹಾಗಾಗಿ ಸದ್ಯಕ್ಕೆ ಬೇಡ ಎಂದು ನಾನೇ ಹೇಳಿದೆ. ಬರೆಯುವ ಅಭ್ಯಾಸ ಇಲ್ಲದ ಕಡೆ ಯಂತ್ರ ತಂದರೆ ಖಾಲಿ ಪರದೆ ಸಿಗುತ್ತದೆ.

ಜೊತೆಗೆ ಮೂರು ಸಾಲಿನ ನಿಯಮ. ಮದ್ದಿನ ಹೆಸರಲ್ಲದೆ, ರೋಗಿ ಹೇಳಿದ್ದರಲ್ಲಿ ಮುಖ್ಯವಾದದ್ದು ಒಂದು ಸಾಲು, ಡಾಕ್ಟರ ಮನಸ್ಸಿನಲ್ಲಿರುವ ಅನುಮಾನ ಒಂದು ಸಾಲು, ಇಳಿಯದಿದ್ದರೆ ಮುಂದೇನು ಎಂಬುದು ಒಂದು ಸಾಲು. ಆ ಹುಡುಗನ ಪೇಪರಿನಲ್ಲಿ "ನೆರೆನೀರು. ಲೆಪ್ಟೊ? 3ನೇ ದಿನ ಜ್ವರವಿದ್ದರೆ ಡಾಕ್ಸಿ" ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ದೊಡ್ಡ ಡಾಕ್ಟ್ರು ಕೆಲವು ದಿನ ಗೊಣಗಿದರು. ಎರಡನೆಯ ಸಾಲು ಅವರಿಗೆ ಕಷ್ಟ. ಖಚಿತವಾಗದ ಅನುಮಾನವನ್ನು ಬರೆದಿಡುವುದು ಅವರ ಕಾಲದ ರೂಢಿಯಲ್ಲ. ಆದರೆ ಸಂಜೆ ಮೇಡಂ ಬರೆದದ್ದನ್ನು ಓದತೊಡಗಿದ ಮೇಲೆ ತಾವೂ ಬರೆಯತೊಡಗಿದರು.

ಕೌಂಟರಿನ ಮೇಲೆ ಗೆರೆ ಎಳೆದ ನೋಟ್‌ಬುಕ್ ಒಂದು ಬಂತು: "ವಾಪಸ್ ಬರಬೇಕಾದವರು". ಹೆಸರು, ಫೋನು, ಯಾವ ದಿನ, ಯಾಕೆ. ಆ ದಿನ ಬಾರದಿದ್ದರೆ ಕಾಂಪೌಂಡರ್ ಫೋನ್ ಮಾಡುತ್ತಾರೆ. ಅಲ್ಲಿಯವರೆಗೆ ಪರದೆ ಸರಿಸಿ ತಲೆಹಾಕಿ ಹೇಳುತ್ತಿದ್ದ ಮನುಷ್ಯನಿಗೆ ಅದನ್ನು ಹೇಳುವ ಅಧಿಕಾರ ಸಿಕ್ಕಿತು. ನನಗೆ ಇಡೀ ಬದಲಾವಣೆಯಲ್ಲಿ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಇದು. ಶನಿವಾರ ಮಧ್ಯಾಹ್ನ ಮೂವರೂ ಅವರ ಜೊತೆ ಚಹಾಕ್ಕೆ ಕೂತು ಆ ನೋಟ್‌ಬುಕ್ ತಿರುವುತ್ತಾರೆ. ಯಾರಾದರೂ ಊರಿಗೆ ಹೋಗುವ ಮುನ್ನ ಅದೇ ನೋಟ್‌ಬುಕ್ ಹಿಡಿದು ಉಳಿದವರಿಗೆ ಒಪ್ಪಿಸಬೇಕು.

ಹಣದ ಮಾತಿಗೆ ಸಮಯ ಹಿಡಿಯಿತು. ಯಾರ ರೋಗಿ ಎಂದು ಎಣಿಸುವುದನ್ನು ನಿಲ್ಲಿಸದೆ ಡ್ರಾಯರು ಒಂದು ಮಾಡಿ ಪ್ರಯೋಜನವಿಲ್ಲ, ಮೂರು ತಿಂಗಳಲ್ಲಿ ಮತ್ತೆ ಮೂರಾಗುತ್ತವೆ ಎಂಬುದು ನನ್ನ ಒತ್ತಾಯ. ಕೊನೆಗೆ ಒಪ್ಪಿದ್ದು ಹೀಗೆ: ಎಲ್ಲ ವಸೂಲಿ ಒಂದೇ ಖಾತೆಗೆ. ಸಂಬಳ, ಔಷಧ, ಕರೆಂಟು, ಕೋಣೆಯ ಬಳಕೆಗೆಂದು ದೊಡ್ಡ ಡಾಕ್ಟ್ರಿಗೆ ನಿಗದಿಯಾದ ಮೊತ್ತ, ಇವೆಲ್ಲ ಕಳೆದು ಉಳಿದದ್ದರಲ್ಲಿ ಅರ್ಧವನ್ನು ಕೂತ ಗಂಟೆಗಳ ಲೆಕ್ಕದಲ್ಲಿ ಹಂಚುವುದು, ಇನ್ನರ್ಧ ದೊಡ್ಡ ಡಾಕ್ಟ್ರಿಗೆ 55, ಮೇಡಂಗೆ 45. ಬೆಳಗಿನ ಗಂಟೆಗೂ ಸಂಜೆಯ ಗಂಟೆಗೂ ಒಂದೇ ಬೆಲೆ ಎಂಬ ಸಾಲನ್ನು ಬರೆಸಿದ್ದು ಮೇಡಂ. ದೊಡ್ಡ ಡಾಕ್ಟ್ರು ಲೆಕ್ಕಪತ್ರ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ಇದು ನಂಗೆ ಹೊಳೀಲೇ ಇಲ್ಲ ಮಾರಾಯ್ರೆ" ಎಂದರು, ಸಹಿ ಹಾಕಿದರು.

ಸಣ್ಣ ಡಾಕ್ಟ್ರು ಪಾಲುದಾರರಾಗಲು ಒಪ್ಪಲಿಲ್ಲ. ಪಿ.ಜಿ. ಸೀಟು ಸಿಕ್ಕರೆ ಹೋಗಬೇಕು, ಹೊಣೆ ಹೊತ್ತು ಹೇಗೆ ಹೋಗಲಿ ಎಂದರು. ಅವರಿಗೆ ಗಂಟೆಯ ಲೆಕ್ಕದಲ್ಲಿ ಸಂಬಳ, ಬರೆದು ಕೊಟ್ಟ ನೇಮಕಪತ್ರ. ಸಮೀಪದಲ್ಲಿ ದವಾಖಾನೆ ತೆರೆಯುವುದಿಲ್ಲ ಎಂದು ಬರೆಸಿಕೊಳ್ಳಬೇಕೆಂದು ಯಾರೋ ಸಲಹೆ ಕೊಟ್ಟಿದ್ದರು. 1872ರ ಕರಾರು ಕಾಯ್ದೆಯ 27ನೇ ಕಲಂನಂತೆ ವೃತ್ತಿಗೆ ತಡೆ ಹಾಕುವ ಕರಾರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಪಾಲುದಾರರ ನಡುವೆ ಮಾತ್ರ, ಬಿಟ್ಟುಹೋಗುವವರ ಮೇಲೆ ಸಮಂಜಸವಾದ ಕಾಲ ಮತ್ತು ಜಾಗದ ಮಿತಿ ಹಾಕಲು ಪಾಲುದಾರಿಕೆ ಕಾಯ್ದೆಯ 36ನೇ ಕಲಂ ಅವಕಾಶ ಕೊಡುತ್ತದೆ. ಅದನ್ನೂ ಇವರು ಬಳಸಲಿಲ್ಲ. ಬಿಟ್ಟುಹೋಗುವವರ ಹಿಂದೆ ರೋಗಿ ಹೋಗಲು ಬಯಸಿದರೆ ಅವನ ಪೇಪರಿನ ನಕಲು ಕೊಡುವುದು ಎಂದಷ್ಟೇ ಬರೆದರು. ಇದಕ್ಕೆ ನನ್ನ ಪೂರ್ಣ ಬೆಂಬಲ. ರೋಗಿಯನ್ನು ಯಾರೂ ಕಟ್ಟಿಹಾಕಬಾರದು.

ಲ್ಯಾಬಿನಿಂದ, ಸ್ಕ್ಯಾನ್ ಸೆಂಟರಿನಿಂದ ಕಟ್ (ಕಮಿಷನ್) ತೆಗೆದುಕೊಳ್ಳುವುದಿಲ್ಲ ಎಂಬುದೂ ಪಾಲುದಾರಿಕೆ ಪತ್ರದಲ್ಲಿದೆ. 2002ರ ನಿಯಮಾವಳಿ ಅದನ್ನು ಹೇಗೂ ನಿಷೇಧಿಸಿದೆ, ಮೂವರಿಗೂ ಆ ಚಾಳಿ ಇರಲಿಲ್ಲ. ಆದರೂ ಬರೆದರು. ಪಾಲುದಾರಿಕೆ ಸಂಸ್ಥೆಯನ್ನು ಸಂಸ್ಥೆಗಳ ರಿಜಿಸ್ಟ್ರಾರರ ಬಳಿ ನೋಂದಾಯಿಸಲಾಯಿತು. ನೋಂದಣಿ ಕಡ್ಡಾಯವಲ್ಲ, ಆದರೆ ಇಲ್ಲದಿದ್ದರೆ ಕರಾರಿನ ಹಕ್ಕಿಗಾಗಿ ಸಂಸ್ಥೆ ಹೊರಗಿನವರ ಮೇಲೆ ದಾವೆ ಹೂಡಲಾರದು.

ಕೋಣೆಯ ಪ್ರಶ್ನೆ

ಉಳಿದದ್ದು ಕೋಣೆ. ಬ್ರಿಟನ್ನಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂದಾಗ ಫ್ಯಾಮಿಲಿ ಡಾಕ್ಟರು ತಮ್ಮ ಪ್ರಾಕ್ಟೀಸಿನ ಗುಡ್‌ವಿಲ್ (ಗಳಿಸಿದ ಹೆಸರು, ನಂಬಿಕೆಯ ಬೆಲೆ) ಮಾರುವುದನ್ನೇ ನಿಷೇಧಿಸಿದರು. ನಮ್ಮಲ್ಲಿ ಮಾರಬಹುದು. ಮುಂಬಯಿಯಲ್ಲಿ ಆ ಬೆಲೆಯ ಬಹುಭಾಗ ರೋಗಿಗಳ ನಂಬಿಕೆಯದ್ದಲ್ಲ, ಜಾಗದ್ದು. ಪಗಡಿ ಕೋಣೆಯಲ್ಲಂತೂ ಇದು ಗೋಜಲು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಮಾಲೀಕನ ಒಪ್ಪಿಗೆ ಇಲ್ಲದೆ ಬಾಡಿಗೆದಾರ ಜಾಗವನ್ನು ಮತ್ತೊಬ್ಬರಿಗೆ ಒಪ್ಪಿಸುವಂತಿಲ್ಲ. ಬಾಡಿಗೆದಾರ ನಿಜವಾಗಿ ಪಾಲುದಾರನಾಗಿ ಉಳಿದು ಜಾಗದ ಹಿಡಿತ ತನ್ನಲ್ಲೇ ಇಟ್ಟುಕೊಂಡರೆ ಅದು ಉಪಬಾಡಿಗೆಯಲ್ಲ. ಪಾಲುದಾರಿಕೆಯ ಹೆಸರಿನಲ್ಲಿ ಜಾಗ ಬಿಟ್ಟುಕೊಟ್ಟರೆ ಉಪಬಾಡಿಗೆ. ಕೋರ್ಟುಗಳು ಈ ವ್ಯತ್ಯಾಸವನ್ನು ಕಟ್ಟುನಿಟ್ಟಾಗಿ ನೋಡುತ್ತವೆ. ಹೀಗಾಗಿ ಕೋಣೆ ಸಂಸ್ಥೆಯ ಆಸ್ತಿಯಲ್ಲ, ದೊಡ್ಡ ಡಾಕ್ಟ್ರ ಹೆಸರಿನಲ್ಲೇ ಇರುತ್ತದೆ ಎಂದು ವಕೀಲರು ಬರೆಸಿದರು.

ಹಾಗಾದರೆ ದೊಡ್ಡ ಡಾಕ್ಟ್ರು ನಿಲ್ಲಿಸಿದ ದಿನ? ಬೇರೆ ಕರಾರು ಇಲ್ಲದಿದ್ದರೆ ಪಾಲುದಾರರೊಬ್ಬರ ಸಾವಿನೊಂದಿಗೆ ಸಂಸ್ಥೆ ವಿಸರ್ಜನೆಯಾಗುತ್ತದೆ. ಇಬ್ಬರೇ ಇರುವಲ್ಲಿ ಕರಾರು ಬರೆದರೂ ಉಳಿಯುವುದು ಒಬ್ಬರು, ಅದು ಪಾಲುದಾರಿಕೆಯೇ ಅಲ್ಲ. ಅವರ ಮಕ್ಕಳು ಹೊರದೇಶದಲ್ಲಿದ್ದಾರೆ, ಯಾರೂ ಡಾಕ್ಟರಲ್ಲ. ಕೋಣೆ ಮೇಡಂಗೆ ಬರುವುದಿಲ್ಲ. ರೋಗಿಗಳ ಫೋಲ್ಡರುಗಳೂ ಪ್ರಾಕ್ಟೀಸ್ ಮುಂದುವರಿಸುವ ಹಕ್ಕೂ ಮೇಡಂದು ಎಂದು ಪತ್ರದಲ್ಲಿದೆ. ಸ್ಥಳಾಂತರವನ್ನೂ ಒಬ್ಬರ ಪ್ರಾಕ್ಟೀಸನ್ನು ಇನ್ನೊಬ್ಬರು ವಹಿಸಿಕೊಂಡದ್ದನ್ನೂ ಪತ್ರಿಕೆಯಲ್ಲಿ ಪ್ರಕಟಿಸಲು ವೃತ್ತಿ ನಿಯಮ ಒಪ್ಪುತ್ತದೆ, ಆ ಪ್ರಕಟಣೆಯ ಕರಡನ್ನು ಕನ್ನಡ, ಮರಾಠಿ ಎರಡರಲ್ಲೂ ಈಗಲೇ ಬರೆದು ಇಟ್ಟಿದ್ದಾರೆ.

ಮೇಡಂ ಪಕ್ಕದ ಗಲ್ಲಿಯಲ್ಲಿ ಓನರ್‌ಶಿಪ್ ಕೋಣೆಯೊಂದನ್ನು ನೋಡಿದ್ದಾರೆ. ಬ್ಯಾಂಕ್ ಸಾಲ ಇಬ್ಬರ ಹೆಸರಿನಲ್ಲಿರಲಿ, ಸಂಸ್ಥೆಯ ಆಸ್ತಿಯಾಗಲಿ ಎಂಬುದು ಅವರ ಆಸೆ. ಈ ವಯಸ್ಸಿನಲ್ಲಿ ನನಗೆ ಸಾಲ ಬೇಡ, ನೀವು ಒಬ್ಬರೇ ತೆಗೆದುಕೊಳ್ಳಿ, ನಾನು ಅಲ್ಲಿಗೇ ಬಂದು ಸಂಜೆ ಕೂರುತ್ತೇನೆ ಎಂಬುದು ದೊಡ್ಡ ಡಾಕ್ಟ್ರ ಮಾತು. ಹಾಗಾದರೆ ಕೋಣೆಯ ಬಳಕೆಯ ಮೊತ್ತ ಮೇಡಂಗೆ ಹೋಗಬೇಕಾಗುತ್ತದೆ, 55ಕ್ಕೆ 45ರ ಲೆಕ್ಕವನ್ನೂ ತಿರುಗಿ ನೋಡಬೇಕಾಗುತ್ತದೆ. ಮುಂದಿನ ಶನಿವಾರಗಳಲ್ಲಿ ನೋಟ್‌ಬುಕ್ ಮುಗಿದ ಮೇಲೆ ಅದನ್ನೇ ಮಾತಾಡಲು ಕೂರುತ್ತಾರೆ. ನನ್ನನ್ನೂ ಬರಹೇಳಿದ್ದಾರೆ.